ನಿರಾಕರಣೆ ಪಟ್ಟಿಯಲ್ಲಿದ್ದ ಅಣ್ಣ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನನ್ನ ಕೆಲಸ. ಸರ್ಕಾರದ ಕಾಗದದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಊರಿನವರ ಬಾಯಲ್ಲಿ ನರ್ಸಮ್ಮ. ಕೋವಿಡ್ ಲಸಿಕೆಯ ಕಾಲದಲ್ಲಿ ನನ್ನ ಬಳಿ ಒಂದು ನೋಟ್ ಪುಸ್ತಕವಿತ್ತು. ಎಡಗಡೆ ಲಸಿಕೆಗೆ ಒಪ್ಪಿದವರ ಹೆಸರು, ಬಲಗಡೆ ನಿರಾಕರಿಸಿದವರದ್ದು. ಎಡಗಡೆಯವರು ಬುದ್ಧಿವಂತರು, ಬಲಗಡೆಯವರು ಮೊಂಡರು ಎಂದು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡಿದ್ದೆ.

ಆ ಪುಸ್ತಕದಲ್ಲಿ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿದ್ದರು, ಇಬ್ಬರೂ ರೇಷ್ಮೆ ಬೆಳೆಗಾರರು. ತಮ್ಮ ಎಡಗಡೆ, ಅಣ್ಣ ಬಲಗಡೆ. 2021ರ ಏಪ್ರಿಲ್‌ನಲ್ಲಿ 45 ವರ್ಷ ದಾಟಿದವರಿಗೆಲ್ಲ ಲಸಿಕೆ ತೆರೆದಾಗ ತಮ್ಮ ಮೊದಲ ದಿನವೇ ಬಂದು ತೋಳು ಚಾಚಿದ. "ಏನಾಗುತ್ತೆ ಬಿಡಿ ಸಿಸ್ಟರ್, ಒಂದು ಸೂಜಿಗೆ ಹೆದರಿದರೆ ಆಯಿತೇ?" ಎಂದ. ಮಾಸ್ಕ್ ಗಲ್ಲದ ಕೆಳಗಿತ್ತು. ಹಿಂದಿನ ವಾರ ಇವನೇ ಬೀಗರೂಟಕ್ಕೆ ಹೋಗಿಬಂದಿದ್ದ, ಕೊರೊನಾಕ್ಕೂ ಇವನ ಉತ್ತರ ಇದೇ, "ಏನಾಗುತ್ತೆ ಬಿಡಿ." ಅದನ್ನು ಆಗ ನಾನು ಗಮನಿಸಲಿಲ್ಲ. ಲಸಿಕೆ ಹಾಕಿಸಿಕೊಂಡನಲ್ಲ, ಒಳ್ಳೆಯವರ ಪಟ್ಟಿಗೆ ಸೇರಿಸಿದೆ.

ಅಣ್ಣ ಬರಲಿಲ್ಲ. ಒಂದು ದಿನ ಹತ್ತು ಜನ ಬರುತ್ತೇವೆಂದು ಒಪ್ಪಿ ಆರೇ ಜನ ಬಂದರು. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ 10 ಡೋಸ್, ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮಧ್ಯಾಹ್ನದವರೆಗೂ ಕಾದು ಉಳಿದ ನಾಲ್ಕು ಡೋಸ್ ಹಾಳು ಮಾಡಬೇಕಾಯಿತು. ಮೇಲಿನವರಿಂದ ಬೈಗುಳ. ಆ ಸಿಟ್ಟಿನಲ್ಲೇ ನೇರವಾಗಿ ಅಣ್ಣನ ಮನೆಗೆ ಹೋದೆ.

ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬೋಗುಣಿ. ಒಳಗೆ ಹೋಗುವವರು ಕಾಲು ಅದ್ದಿ, ಕೈ ತೊಳೆದೇ ಹೋಗಬೇಕು, ಹೊರಗಿನವರಿಗೆ ಪ್ರವೇಶವೇ ಇಲ್ಲ. ಹುಳುವಿಗೆ ಹಾಲುರೋಗ, ಸುಣ್ಣಕಟ್ಟು ರೋಗ ತಗುಲಿತೆಂದರೆ ಬೆಳೆಗಾರರಿಗೆ ಪ್ರಾಣ ಹೋದ ಹಾಗೆ. ಅಂತರ, ಸೋಂಕು ನಿವಾರಣೆ, ಪ್ರತ್ಯೇಕವಾಸ ಎಂದು ನಾವು ಒಂದು ವರ್ಷದಿಂದ ಧ್ವನಿವರ್ಧಕದಲ್ಲಿ ಕೂಗಿದ್ದೆಲ್ಲವನ್ನೂ ಆ ಮನುಷ್ಯ ಮೂವತ್ತು ವರ್ಷಗಳಿಂದ ಮಾಡುತ್ತಿದ್ದ. ಅಂಥವನಿಗೆ ನಾನು ಜಗುಲಿಯ ಮೇಲೆ ನಿಂತು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಸತ್ತವರ ಕಥೆಗಳನ್ನು ಒಂದರ ಮೇಲೊಂದು ಹೇಳಿದೆ. ಹೆದರಿಸಿದರೆ ಬರುತ್ತಾನೆ ಎಂಬುದು ನನ್ನ ಲೆಕ್ಕ. ಅವನ ಮುಖ ಬಿಳಿಚಿಕೊಂಡಿತು. ಮರುದಿನದಿಂದ ನನ್ನನ್ನು ಕಂಡರೆ ಕದ ಹಾಕಿಕೊಳ್ಳತೊಡಗಿದ.

ಹೆದರಿದವನನ್ನು ಇನ್ನಷ್ಟು ಹೆದರಿಸಿದ್ದೆ. ಅವನ ಭಯ ಕೊರೊನಾದ ಮೇಲೂ ಇತ್ತು, ಸೂಜಿಯ ಮೇಲೂ ಇತ್ತು. ಎರಡರಲ್ಲಿ ಯಾವುದು ಹತ್ತಿರ? ಕೊರೊನಾ ಬರಬಹುದು, ಬಾರದೆಯೂ ಇರಬಹುದು. ಸೂಜಿ ಮಾತ್ರ ನಾಳೆ ಹತ್ತು ಗಂಟೆಗೆ ಶಾಲೆಯಲ್ಲಿ. ಹಾಕಿಸಿಕೊಂಡು ಏನಾದರೂ ಆದರೆ ಅದು ತನ್ನ ಕೈಯಾರೆ ತಂದುಕೊಂಡದ್ದು, ಸುಮ್ಮನಿದ್ದು ಏನಾದರೂ ಆದರೆ ಹಣೆಬರಹ. ಈ ತಕ್ಕಡಿಗೆ ಕರಪತ್ರದಿಂದ ತೂಕ ಬರುವುದಿಲ್ಲ.

ಸುದ್ದಿಯೂ ಹಾಗೆಯೇ, ಅವರವರ ಸ್ವಭಾವದ ಬಣ್ಣಕ್ಕೆ ತಿರುಗುತ್ತಿತ್ತು. ಕೋವಿಶೀಲ್ಡ್‌ನ ಎರಡನೆಯ ಡೋಸ್‌ಗೆ ಮೊದಲು ನಾಲ್ಕರಿಂದ ಆರು ವಾರ ಎಂದಿದ್ದರು, ಮಾರ್ಚ್‌ನಲ್ಲಿ ಆರರಿಂದ ಎಂಟು ಎಂದರು, ಮೇ ತಿಂಗಳಲ್ಲಿ 12ರಿಂದ 16 ವಾರ ಎಂದರು. ನಂಬುವ ಸ್ವಭಾವದವರು "ನೋಡಿ ನೋಡಿ ಕಲಿಯುತ್ತಿದ್ದಾರೆ" ಎಂದರು. ಅನುಮಾನದವರು "ಸ್ಟಾಕ್ ಇಲ್ಲ, ಅದಕ್ಕೇ ಮುಂದೂಡುತ್ತಿದ್ದಾರೆ" ಎಂದರು. ಅದೇ ಊರು, ಅದೇ ಟಿವಿ. ನಿಜ ಹೇಳಬೇಕೆಂದರೆ ಆ ಎರಡನೆಯವರಿಗೆ ಕೊಡಲು ನನ್ನ ಬಳಿಯೂ ಗಟ್ಟಿ ಉತ್ತರವಿರಲಿಲ್ಲ.

ಮತ್ತೆ ಅಣ್ಣನ ಮನೆಗೆ ಹೋದದ್ದು ಮೂರು ವಾರ ಬಿಟ್ಟು. ಈ ಸಲ ಪುಸ್ತಕ ಒಯ್ಯಲಿಲ್ಲ. ಬೆಳೆ ಹೇಗಿದೆ ಎಂದು ಕೇಳಿ ಸುಮ್ಮನೆ ಕೂತೆ. ಅರ್ಧ ಗಂಟೆಯಾದ ಮೇಲೆ ಅವನೇ ಬಾಯಿಬಿಟ್ಟ. "ಹುಳು ನಾಲ್ಕನೇ ಜ್ವರ ಎದ್ದಿದೆ ನರ್ಸಮ್ಮ. ಹಗಲು ರಾತ್ರಿ ಸೊಪ್ಪು ಹಾಕಬೇಕು. ಸೂಜಿಗೆ ನಾನು ಜ್ವರ ಬಂದು ಮಲಗಿದರೆ ಬೆಳೆ ಕಥೆ ಏನು?" ಅಷ್ಟು ದಿನ ಯಾರಿಗೂ ಹೇಳದ್ದನ್ನು ನಾನು ಆಗ ಹೇಳಿದೆ. ಜನವರಿ 16ಕ್ಕೆ ಅಭಿಯಾನ ಶುರುವಾದಾಗ ಆರೋಗ್ಯ ಕಾರ್ಯಕರ್ತರಿಗೇ ಮೊದಲ ಸರದಿ. ನಾನು ಹಾಕಿಸಿಕೊಂಡ ರಾತ್ರಿ ಚಳಿಜ್ವರ ಬಂದು, ಕಂಬಳಿ ಹೊದ್ದು, ಇದೆಲ್ಲ ಯಾಕೆ ಬೇಕಿತ್ತು ಎಂದು ಅತ್ತಿದ್ದೆ. ಸಿಸ್ಟರೇ ಹೆದರಿದರೆಂದು ಗೊತ್ತಾದರೆ ಜನ ಬರುವುದಿಲ್ಲವೆಂದು ಮುಚ್ಚಿಟ್ಟಿದ್ದೆ.

ಅವನು ನನ್ನ ಮುಖವನ್ನೇ ನೋಡಿದ. "ಎಷ್ಟು ದಿನ ಇತ್ತು?"

"ಒಂದೂವರೆ ದಿನ."

"ಹುಳು ಜ್ವರಕ್ಕೆ ಕೂತ ಹಾಗೆ."

ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು. ಹುಳು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ ಅಲುಗಾಡದೆ ಕೂತು, ಹಳೆಯ ಚರ್ಮ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಸಲ ಕೂರುತ್ತದೆ, ಪ್ರತಿ ಸಲವೂ ದೊಡ್ಡದಾಗಿ ಏಳುತ್ತದೆ. ಈ ಹೋಲಿಕೆ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ಬಂದ ಮರುದಿನ ಅಣ್ಣ ತಾನಾಗಿ ಬಂದು ಹಾಕಿಸಿಕೊಂಡ. ನಿಗಾ ಇಡುವ ಅರ್ಧ ಗಂಟೆ ಮುಗಿದ ಮೇಲೂ ಒಂದು ಗಂಟೆ ಕೂತಿದ್ದ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಅವನನ್ನು ಎಡಗಡೆಗೆ ಬರೆದು ಸುಮ್ಮನಾಗುತ್ತಿದ್ದೆ. 2023ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಝೀಕಾ ಸುದ್ದಿ ಬಂತು. ವೈರಸ್ ಸಿಕ್ಕಿದ್ದು ಸೊಳ್ಳೆಯ ಮಾದರಿಯಲ್ಲಿ. ಹೆಚ್ಚಿನವರಿಗೆ ಲಕ್ಷಣವೇ ಕಾಣದ ರೋಗ, ಆದರೆ ಬಸುರಿಗೆ ತಗುಲಿದರೆ ಮಗುವಿನ ಮಿದುಳಿಗೆ ಪೆಟ್ಟು. ಸುತ್ತಮುತ್ತ ಜ್ವರದ ಸಮೀಕ್ಷೆ, ಗರ್ಭಿಣಿಯರ ರಕ್ತದ ಮಾದರಿ, ಮನೆಮನೆಯ ತೊಟ್ಟಿ ತಪಾಸಣೆ.

ಈಗ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವನು ಅಣ್ಣ. ಝೀಕಾ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು ಎಂದಿದ್ದೆ. ತೆಂಗಿನ ನಾರು ಹಿಡಿದು ಪಕ್ಕದ ಮನೆಯ ತೊಟ್ಟಿಯನ್ನೂ ತಿಕ್ಕಿದ. ತಮ್ಮನ ತೊಟ್ಟಿಯಲ್ಲಿ ಮಾತ್ರ ಲಾರ್ವಾ ಕುಣಿಯುತ್ತಿತ್ತು. "ಸೊಳ್ಳೆಗೆಲ್ಲ ಹೆದರುವುದೇ ಸಿಸ್ಟರ್? ಏನಾಗುತ್ತೆ ಬಿಡಿ." ಸ್ವಭಾವ ಎರಡು ವರ್ಷದಲ್ಲಿ ಎಳ್ಳಷ್ಟೂ ಬದಲಾಗಿರಲಿಲ್ಲ, ಬದಲಾಗಿದ್ದು ಕಾಯಿಲೆ. ನನ್ನ ಪುಸ್ತಕದ ಎಡ ಬಲ ಎರಡೂ ಸುಳ್ಳಾಗಿದ್ದವು.

ಇದೇ ಮನೆಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳಿದ್ದಾರೆ. ಅದಕ್ಕೆ ಅಣ್ಣನೂ ಹೆದರುವುದಿಲ್ಲ. ಅಜ್ಜನ ಹಲ್ಲೂ ಹಾಗೇ ಇತ್ತಲ್ಲ.

ಫಾಗಿಂಗ್ ಯಂತ್ರ ಬಂದ ದಿನ ಅಣ್ಣನ ಸಂಕಟ ನೋಡಬೇಕಿತ್ತು. ಹೊಗೆ ಹಾಕದಿದ್ದರೆ ಸೊಳ್ಳೆ, ಹಾಕಿದರೆ ಹುಳು ಸಾಯುತ್ತದೆ. ಕೀಟನಾಶಕದ ಗಾಳಿಯನ್ನೂ ರೇಷ್ಮೆ ಹುಳು ತಾಳುವುದಿಲ್ಲ. ಬೀದಿಯ ನಡುವೆ ನಿಂತು ಯಂತ್ರದವನಿಗೆ ಒಮ್ಮೆ ಬಾ ಎನ್ನುತ್ತಾನೆ, ಒಮ್ಮೆ ಬೇಡ ಎನ್ನುತ್ತಾನೆ. ಯಂತ್ರದವನು ರೇಗಿ ನನ್ನ ಕಡೆ ತಿರುಗಿ, "ಇವರು ವಿರೋಧಿಸುತ್ತಿದ್ದಾರೆ ಎಂದು ಬರೆದುಕೊಳ್ಳಿ ಮೇಡಂ" ಎಂದ.

ನಾನು ಪೆನ್ನು ತೆಗೆಯಲಿಲ್ಲ. "ಹುಳು ಎಷ್ಟನೇ ಜ್ವರದಲ್ಲಿದೆ ಅಣ್ಣ?" ಎಂದು ಕೇಳಿದೆ.