ಮಾಳಿಗೆ ಅಗೆದವರು, ಹೆಂಚು ತೆಗೆದವರು

ಕ್ರೈಸ್ತ ದೇವಜ್ಞಾನ ಓದೋಕೆ ಅಂತ ಮೊದಲ ಸಲ ಮಂಗಳೂರಿನ ಬಲ್ಮಠಕ್ಕೆ ಬಂದಾಗ, ಎಲ್ಲಿ ನೋಡಿದರೂ ಕಾಣುತ್ತಿದ್ದ ಕೆಂಪು ಹೆಂಚೇ ನನಗೆ ದೊಡ್ಡ ಬೆರಗು. ನಮ್ಮದು ಬಳ್ಳಾರಿ ಕಡೆಯ ಹಳ್ಳಿ, ಮಣ್ಣಿನ ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತೆ, ಆಮೇಲೆ ಕಡ್ಡಿ ಸೊಪ್ಪು, ಎಲ್ಲಕ್ಕೂ ಮೇಲೆ ಗೇಣುದ್ದ ಮಣ್ಣು. ಮಳೆ ಶುರುವಾಗೋ ಮುಂಚೆ ಪ್ರತಿ ವರ್ಷ ಅಜ್ಜಿ ಚೌಳು ಮಣ್ಣು ಹಾಕಿಸುತ್ತಿದ್ದಳು. ಆದರೂ ಸೋರುತ್ತಿತ್ತು.

ಬೈಬಲಿನ ಹೊಸ ಒಡಂಬಡಿಕೆ ತರಗತಿಯಲ್ಲಿ ಒಂದು ದಿನ ಸರ್, ಯೇಸುವಿನ ಕಥೆ ಹೇಳುವ ಮಾರ್ಕನ 2ನೇ ಅಧ್ಯಾಯ ಮತ್ತು ಲೂಕನ 5ನೇ ಅಧ್ಯಾಯವನ್ನು ಪಕ್ಕಪಕ್ಕ ಇಟ್ಟು ಓದಿಸಿದರು. ಗಲಿಲಾಯದ ಕಪೆರ್ನೌಮ್ ಊರಿನಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಯೇಸುವಿನ ಬಳಿಗೆ ಹೊತ್ತು ತಂದ ಕಥೆ. ಬಾಗಿಲಲ್ಲಿ ಜನ, ಹಾಗಾಗಿ ಸೂರು ತೆರೆದು ಮೇಲಿಂದ ಇಳಿಸುತ್ತಾರೆ. ಗ್ರೀಕ್ ಮೂಲದಲ್ಲಿ ಮಾರ್ಕ 'ಅಗೆದು' ಅನ್ನುತ್ತಾನೆ, ಲೂಕ 'ಹೆಂಚುಗಳ ನಡುವಿನಿಂದ' ಅನ್ನುತ್ತಾನೆ. ಯಾಕೆ ಹೀಗೆ ಅಂತ ಕೇಳಿದರು.

ಮಂಗಳೂರಿನ ಗೆಳೆಯ ಎದ್ದು, "ಹೆಂಚು ತೆಗೆಯೋದು ಗೊತ್ತು ಸರ್, ಒಡೆದದ್ದನ್ನು ನಾವೇ ಬದಲಾಯಿಸ್ತೇವೆ. ಆದ್ರೆ ಮನೆಯ ಮಾಡನ್ನು ಅಗೆಯೋದು ಹೇಗೆ?" ಅಂದ. ನನಗೆ ಮಾತ್ರ ಅದು ನಮ್ಮ ಮನೆಯೇ ಕಂಡಿತು. ಮೊದಲ ಸಲ ಧೈರ್ಯ ಮಾಡಿ ಕೈ ಎತ್ತಿ ಮಾಳಿಗೆ ಕಟ್ಟೋದನ್ನು ಪೂರ್ತಿ ಹೇಳಿದೆ.

ಸರ್ ಖುಷಿಯಾಗಿ ಕಪ್ಪುಹಲಗೆಯ ಮೇಲೆ ಚಿತ್ರ ಬರೆದರು. 1968ರಿಂದ ಫ್ರಾನ್ಸಿಸ್ಕನ್ ಅನ್ನೋ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಸಂಶೋಧಕರು ಕಪೆರ್ನೌಮಿನಲ್ಲಿ ಉತ್ಖನನ ಮಾಡಿದಾಗ ಸಿಕ್ಕಿದ್ದು ಕಪ್ಪು ಬಸಾಲ್ಟ್ ಕಲ್ಲಿನ ಸಣ್ಣ ಮನೆಗಳು, ನಡುವೆ ಅಂಗಳ, ಅಂಗಳದಿಂದಲೇ ಮೇಲಕ್ಕೆ ಮೆಟ್ಟಿಲು. ಭಾರ ಹೊರುವಷ್ಟು ಗಟ್ಟಿ ಗೋಡೆಗಳಲ್ಲ, ಹಾಗಾಗಿ ಮೇಲೆ ತೊಲೆ, ಕೊಂಬೆ, ಮಣ್ಣು. ಲೂಕ ಬರೆದದ್ದು ಗ್ರೀಕ್ ಮಾತಾಡುವ ಪಟ್ಟಣಗಳ ಜನಕ್ಕೆ, ಅವರು ದಿನಾ ನೋಡುತ್ತಿದ್ದದ್ದು ಹೆಂಚು. ತನ್ನ ಓದುಗರ ಕಣ್ಣಿಗೆ ಕಟ್ಟಲಿ ಅಂತ ಅವನು ಹಾಗೆ ಬರೆದಿರಬೇಕು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. 1865ರಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ತೆರೆದ ಊರಿನಲ್ಲಿ ಕೂತು ಇದನ್ನು ಕಲಿತದ್ದು ನನಗೆ ಈಗಲೂ ವಿಶೇಷ ಅನಿಸುತ್ತದೆ.

ಆಮೇಲೆ ಎಲ್ಲೆಲ್ಲೂ ಮಾಳಿಗೆಯೇ! ಬೈಬಲಿನ ಕೀರ್ತನೆ 129ರಲ್ಲಿ ಮಾಳಿಗೆ ಮೇಲಿನ ಹುಲ್ಲು ಬೆಳೆಯೋ ಮುಂಚೆ ಒಣಗಿಹೋಗುತ್ತದೆ. ನಮ್ಮ ಮಾಳಿಗೆಯಲ್ಲೂ ಮೊದಲ ಮಳೆಗೆ ಹಸಿರು ಚಿಗುರುತ್ತಿತ್ತು, ಬೇರು ಬಿಡೋಕೆ ಜಾಗವಿಲ್ಲದೆ ನಾಲ್ಕು ದಿನದ ಬಿಸಿಲಿಗೆ ಹಳದಿಯಾಗುತ್ತಿತ್ತು. ಕೈಯಲ್ಲಿ ಹಿಡಿದರೆ ಒಂದು ಹಿಡಿಯೂ ಆಗುತ್ತಿರಲಿಲ್ಲ. ಕೊಯ್ಯುವವನ ಕೈ ತುಂಬಲ್ಲ ಅಂತ ಆ ಕೀರ್ತನೆಯೂ ಅದನ್ನೇ ಹೇಳುತ್ತದೆ. ಜ್ಞಾನೋಕ್ತಿ 27ರ ತಟತಟ ಸೋರುವ ಹನಿಯ ಮಾತಂತೂ ನಾನು ರಾತ್ರಿಯಿಡೀ ಪಾತ್ರೆ ಇಟ್ಟು ಕೇಳಿದ ಸದ್ದು.

ಇತಿಹಾಸ ಜಾಸ್ತಿ ಓದಿದರೆ ನಂಬಿಕೆ ಕಡಿಮೆಯಾಗುತ್ತೆ ಅಂತ ಕೆಲವರು ಹೆದರಿಸುತ್ತಾರೆ. ನನಗಂತೂ ಆ ನಾಲ್ವರು ಅವತ್ತೇ ನಿಜವಾದ ಮನುಷ್ಯರಾದರು. ತಲೆ ತುಂಬ ಧೂಳು, ಉಗುರಿನಲ್ಲಿ ಮಣ್ಣು.

ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಸುಮ್ನೆ ಕೇಳಿಸಿಕೊಂಡು, ಕೊನೆಗೆ ಮೇಲೆ ನೋಡಿ, "ಆಮ್ಯಾಲೆ ಆ ಮಾಳಿಗಿ ಯಾರು ಮುಚ್ಚಿದರಂತೆ?" ಅಂದಳು. ಹಿಂತಿರುಗಿ ಬಂದು ಸರ್‌ಗೆ ಹೇಳಿದೆ. ಅವರು ಮಾತಾಡದೆ ಪೆನ್ಸಿಲ್ ತೆಗೆದು, ತಮ್ಮ ಬೈಬಲಿನ ಅಂಚಿನಲ್ಲಿ, ಮಾರ್ಕ 2ರ ಪಕ್ಕ, ಅಜ್ಜಿಯ ಪ್ರಶ್ನೆ ಬರೆದುಕೊಂಡರು.