ಮಡಗಾಸ್ಕರ್ ನಮ್ಮ ನೆರೆಮನೆಯಾಗಿದ್ದಾಗ

ಅಮ್ಮನಿಗೆ ಈಗ 68. ಹುಟ್ಟಿದ್ದು, ಮದುವೆಯಾಗಿ ಬಂದದ್ದು ಎಲ್ಲ ಉಡುಪಿಯ ಸುತ್ತಮುತ್ತಲೇ. ಮಲ್ಪೆ ಬಂದರಿಗೆ ಎಷ್ಟು ಸಲ ಹೋಗಿದ್ದಾಳೋ ಲೆಕ್ಕವಿಲ್ಲ. ಆದರೆ ಎದುರಿಗೇ ಕಾಣುವ ಸೈಂಟ್ ಮೇರೀಸ್ ದ್ವೀಪಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. "ಅಲ್ಲಿ ಎಂತ ಉಂಟು, ಬರೀ ಕಲ್ಲು" ಅನ್ನುತ್ತಿದ್ದಳು. ಈ ಡಿಸೆಂಬರ್ ರಜೆಗೆ ಮಂಗಳೂರಿನಿಂದ ಮಗಳ ಜೊತೆ ಊರಿಗೆ ಬಂದಾಗ, ಈ ಸಲ ಹೋಗಿಯೇ ಬರುವುದೆಂದು ಹಟ ಹಿಡಿದೆ. ನನಗೆ ಆ ಕಲ್ಲನ್ನೇ ಅಮ್ಮನಿಗೆ ತೋರಿಸಬೇಕಿತ್ತು.

ನಮ್ಮ ಕರಾವಳಿಯಲ್ಲಿ ಚಳಿಗಾಲ ಅಂದರೆ ಬೆಳಗಿನ ಜಾವದ ಇಬ್ಬನಿ, ಅಷ್ಟೇ. ಎಂಟು ಗಂಟೆಗೆಲ್ಲ ಬಿಸಿಲು ಏರುತ್ತದೆ. ಆದರೆ ಸಮುದ್ರ ಮಾತ್ರ ಈ ತಿಂಗಳಲ್ಲಿ ಬೇರೆಯೇ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟೇ ಬಿಡುವುದಿಲ್ಲ. ಈಗ ನೀರು ಎಣ್ಣೆ ಹಚ್ಚಿದ ಹಾಗೆ ಮಲಗಿತ್ತು.

ಬಂದರಿನಲ್ಲಿ ಟ್ರಾಲ್ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಡೀಸೆಲ್ ವಾಸನೆ, ಒಣಮೀನಿನ ವಾಸನೆ, ಐಸ್ ಪುಡಿ ಮಾಡುವ ಸದ್ದು. ಲೈಫ್ ಜಾಕೆಟ್ ಹಾಕಿಕೊಂಡು ಸಾಲಾಗಿ ಕೂತೆವು. ಬೋಟು ಹೊರಟಿತು. ಹಿಂದೆ ಇದೇ ಮಲ್ಪೆ ಎದುರು ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ಪಾರು ಮಾಡಿದ್ದು, ಅದರಲ್ಲಿದ್ದ ಗೋಪಿಚಂದನದ ಗಟ್ಟಿಯೊಳಗೆ ಕೃಷ್ಣನ ಮೂರ್ತಿ ಸಿಕ್ಕಿದ್ದು, ಆ ಕತೆಯನ್ನೆಲ್ಲ ಅಮ್ಮ ಮೊಮ್ಮಗಳಿಗೆ ಹೇಳುತ್ತಾ ಬಂದಳು. ಇಂಜಿನ್ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಆದರೂ ಮಗಳು ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು. ಕತೆ ಮುಗಿಯುವಷ್ಟರಲ್ಲಿ ತೆಂಗಿನ ಮರಗಳ ಸಾಲು ಹತ್ತಿರ ಬಂದಿತ್ತು. ದೊಡ್ಡ ಬೋಟು ದಡದವರೆಗೆ ಹೋಗಲಿಲ್ಲ. ನೀರಿನಲ್ಲೇ ನಿಲ್ಲಿಸಿ ಸಣ್ಣ ದೋಣಿಗೆ ದಾಟಿಸಿದರು. ಅಮ್ಮನ ಎರಡೂ ಕೈ ಹಿಡಿದು ಇಳಿಸಿಕೊಂಡ ಹುಡುಗ "ನಿಧಾನ ಅಮ್ಮ, ಗಡಿಬಿಡಿ ಬೇಡ" ಅಂದ. ಆ ದನಿಗೇ ಅಮ್ಮನ ಅರ್ಧ ಹೆದರಿಕೆ ಹೋಯಿತು.

ಇಲ್ಲಿ ಮುಖ್ಯವಾಗಿ ನಾಲ್ಕು ದ್ವೀಪಗಳು. ನಾವು ಇಳಿದದ್ದು ತೆಂಗಿನ ಮರಗಳಿರುವ ಕೋಕನಟ್ ಐಲ್ಯಾಂಡ್‌ನಲ್ಲಿ. ಊರಿನವರ ಬಾಯಲ್ಲಿ ಇದು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟ, ಮೇರಿಯ ಹೆಸರಿಟ್ಟ ಅನ್ನುತ್ತಾರೆ. ಪ್ರವಾಸಿಗರಿಗೆ ಹೆಚ್ಚಾಗಿ ಹೇಳುವುದು ಇದೇ ಕತೆ. ಆದರೆ ಕಲ್ಲಿನ ಕತೆಯ ಮುಂದೆ ಗಾಮನದ್ದು ನಿನ್ನೆ ಮೊನ್ನೆಯದು.

ದಡದಲ್ಲಿ ಕಾಲಿಗೆ ಸಿಗುವುದು ಮರಳಿಗಿಂತ ಚಿಪ್ಪೇ ಜಾಸ್ತಿ. ಅದನ್ನು ದಾಟಿ ಮುಂದೆ ಹೋದರೆ ಕಂಬಗಳು. ಯಾರೋ ಕೆತ್ತಿ ಜೋಡಿಸಿದ ಹಾಗೆ ಒತ್ತೊತ್ತಾಗಿ ನಿಂತ ಕಲ್ಲಿನ ಕಂಬಗಳು. ಹೆಚ್ಚಿನವಕ್ಕೆ ಆರು ಮೂಲೆ. ಕೆಲವಕ್ಕೆ ಐದು, ಅಲ್ಲೊಂದು ಇಲ್ಲೊಂದಕ್ಕೆ ಏಳು. ಅಮ್ಮ ಒಂದರ ಮೇಲೆ ಕೂತು, ಪಕ್ಕದ ಕಂಬದ ತಲೆಯ ಮೇಲೆ ಅಂಗೈ ಇಟ್ಟಳು. ಎರಡು ಕಂಬಗಳ ನಡುವಿನ ಬಿರುಕಿನಲ್ಲಿ ಒಂದಿಷ್ಟು ಉಪ್ಪುನೀರು, ಅದರಲ್ಲಿ ಉಗುರಿನಷ್ಟು ಸಣ್ಣ ಏಡಿ. ಬೆರಳಿನಿಂದ ಆ ಬಿರುಕನ್ನೇ ಸವರುತ್ತಾ ಅಮ್ಮ ಹೇಳಿದಳು:

"ಬೇಸಗೆಯಲ್ಲಿ ನಮ್ಮ ಬೈಲುಗದ್ದೆ ಒಡೆಯುತ್ತಲ್ಲ, ಹಾಗೇ ಉಂಟು ಮಾರಾಯ್ತಿ."

ನಾನು ಮನೆಯಿಂದ ಎಷ್ಟೋ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಅಮ್ಮ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ನಡೆದದ್ದು ಅದೇ ಅಲ್ವಾ! ಕೆಸರು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಇಲ್ಲಿ ಕುಗ್ಗಿದ್ದು ಲಾವಾ. ಮೇಲ್ಮೈ ಮೊದಲು ತಣಿದು ಒಡೆಯಿತು. ತಂಪು ಒಳಗೆ ಇಳಿದ ಹಾಗೆ ಬಿರುಕೂ ಇಳಿಯಿತು. ಹಾಗೆ ಇಳಿದ ಬಿರುಕುಗಳ ನಡುವೆ ಉಳಿದದ್ದೇ ಈ ಕಂಬಗಳು.

"ಯಾವಾಗ ಆದದ್ದು?" ಮಗಳು ಕೇಳಿದಳು.

ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಹಿಮಾಲಯ ಇರಲಿಲ್ಲ. ದಖ್ಖನ್ ಪ್ರಸ್ಥಭೂಮಿಯ ಕಪ್ಪುಕಲ್ಲು ಹರಿದುಬಂದದ್ದೂ ಇದಾಗಿ ಎರಡು ಕೋಟಿ ವರ್ಷಕ್ಕೂ ಮೇಲೆ. ಮತ್ತೆ, ಆಗ ನಮ್ಮ ಪಡುವಣಕ್ಕೆ ಈ ಕಡಲೇ ಇರಲಿಲ್ಲ. ಅಲ್ಲಿದ್ದದ್ದು ಮಡಗಾಸ್ಕರ್. ಭಾರತಕ್ಕೆ ತಾಗಿಕೊಂಡೇ ಇತ್ತು. ನೆಲ ಸೀಳಿ ಎರಡೂ ದೂರ ಸರಿಯತೊಡಗಿದ ಕಾಲದಲ್ಲಿ ಉಕ್ಕಿದ ಲಾವಾ ಇದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದೇ ಕಾಲದ ಜ್ವಾಲಾಮುಖಿ ಕಲ್ಲು ಮಡಗಾಸ್ಕರ್‌ನಲ್ಲೂ ಇದೆ. ಈಗ ಆ ದೇಶಕ್ಕೂ ಮಲ್ಪೆಗೂ ನಡುವೆ ಸುಮಾರು 4,000 ಕಿಲೋಮೀಟರ್ ನೀರು. ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದು ಸುಮ್ನೆ ಅಲ್ಲ.

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದರೆ ಇದು ಪಾಲಾದ ಮನೆಯ ಗೋಡೆ" ಅಂದಳು. ಅಮ್ಮನ ತವರಿನ ದೊಡ್ಡ ಮನೆ ಪಾಲಾದಾಗ ಚಾವಡಿಯ ನಡುವೆ ಗೋಡೆ ಎದ್ದಿತ್ತು. ಅದರ ನೆನಪಿರಬೇಕು. ನಾನು ಕೇಳಲಿಲ್ಲ.

ನಮ್ಮ ಹತ್ತಿರವೇ ಒಂದು ಕಂಬದ ಮೇಲೆ ಯಾರೋ ಮೊಳೆಯಲ್ಲಿ ಹೆಸರು ಗೀಚಿದ್ದರು. ಹೊಟ್ಟೆ ಉರಿಯಿತು. ಆ ಹೆಸರಿನ ಮೇಲೆ ಮಗಳು ಒದ್ದೆ ಕೈ ಉಜ್ಜಿ ನೋಡಿದಳು. ಹೋಗಲಿಲ್ಲ. ಇಲ್ಲಿಗೆ ಬರುವ ಶಾಲೆಯ ಮಕ್ಕಳಿಗೆ ಫೋಟೋ ತೆಗೆಯುವ ಮೊದಲು ಹತ್ತು ನಿಮಿಷ ಈ ಕಲ್ಲಿನ ಕತೆ ಹೇಳಬೇಕು. ಕತೆ ಗೊತ್ತಿರುವ ಕೈ ಗೀಚುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಅಲೆ ಜೋರಾಗಿ ಬಡಿಯುವ ಬಂಡೆಗಳ ಕಡೆ ಹೋದವರನ್ನು ಕಾವಲಿನವರು ಸೀಟಿ ಊದಿ ಕರೆಯುತ್ತಿದ್ದರು. ನಾವೂ ಎದ್ದೆವು. ಮಗಳ ಜೇಬಿನಲ್ಲಿ ಒಂದು ಕಲ್ಲಿನ ಚೂರಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿಯ ಮುಖ ನೋಡಿ, ಎತ್ತಿದ ಜಾಗದಲ್ಲೇ ಇಟ್ಟು ಬಂದಳು.

ಸಂಜೆ ಮಲ್ಪೆ ಬೀಚಿನಲ್ಲಿ ಗೋಳಿಬಜೆ ತಿನ್ನುತ್ತಾ ಕೂತೆವು. ಡಿಸೆಂಬರಿನಲ್ಲಿ ಸೂರ್ಯ ನೇರ ಪಡುವಣಕ್ಕೆ ಮುಳುಗುವುದಿಲ್ಲ, ತೆಂಕಕ್ಕೆ ವಾಲುತ್ತಾನೆ.

"ಆ ದೇಶ ಯಾವ ಕಡೆ ಬರುತ್ತದೆ?" ಅಮ್ಮ ಕೇಳಿದಳು.

ಸೂರ್ಯನಿಗಿಂತ ಸ್ವಲ್ಪ ಎಡಕ್ಕೆ ಕೈ ತೋರಿಸಿದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಮಗ್ಗುಲು ಬದಲಿಸಿ ಆ ಕಡೆಗೇ ತಿರುಗಿ ಕೂತಳು.