ಎರಡು ಬಾಟಲಿಗಳು

ಇಂದು ಬೆಳಿಗ್ಗೆ ಪ್ರಯೋಗಾಲಯದಲ್ಲಿ ಒಂದು ಇಲಿಯ ಗೂಡಿನ ಬಾಟಲಿಗಳನ್ನು ತೂಗಿದಾಗ, ಸಾದಾ ನೀರೂ ಶೇಕಡಾ 1ರ ಸಕ್ಕರೆ ನೀರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿದ್ದವು.

ನೆಮ್ಮದಿಯಾಗಿರುವ ಇಲಿ ಸಿಹಿಯನ್ನು ಬಿಡುವುದಿಲ್ಲ. ಒದ್ದೆ ಹಾಸು, ಓರೆಯಾಗಿಸಿದ ಗೂಡು, ಹಗಲಿರುಳು ಅದಲುಬದಲಾದ ಬೆಳಕು, ಇವುಗಳಲ್ಲಿ ಯಾವುದು ಯಾವಾಗ ಬರುವುದೆಂದು ತಿಳಿಯದೆ ವಾರಗಟ್ಟಲೆ ಬದುಕಿದ ಇಲಿಗೆ ಆ ಸಿಹಿಯೇ ಬೇಡವಾಗತೊಡಗುತ್ತದೆ.

ಅರಿಶಿನದ ಕರ್ಕ್ಯುಮಿನ್ ಪಡೆದ ಗುಂಪು ಮತ್ತೆ ಸಿಹಿಯ ಕಡೆ ವಾಲುವುದೇ, ಅದೂ ಖಿನ್ನತೆಯ ಮದ್ದಾದ ಫ್ಲುಯೊಕ್ಸೆಟೀನ್ ಪಡೆದ ಗುಂಪಿನಷ್ಟೇ ವಾಲುವುದೇ ಎಂಬುದು ನಮ್ಮ ಪ್ರಶ್ನೆ. ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಸೇರುವ ಕರ್ಕ್ಯುಮಿನ್ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಯಾವ ಗೂಡಿಗೆ ಯಾವ ಮದ್ದೆಂದು ತೂಗುವವರಿಗೆ ತಿಳಿಸದಿರುವುದು ಇಂಥ ಮನಸ್ಸುಗಳಿಗಾಗಿಯೇ.

ಎಡದ ಬಾಟಲಿಯನ್ನು ಬಲಕ್ಕಿಟ್ಟು ಬಂದಿದ್ದೇನೆ. ಕೆಲವು ಇಲಿಗಳಿಗೆ ರುಚಿಗಿಂತ ಮೂಲೆಯೇ ಮುಖ್ಯ.